ಮನೆವಾರ್ತೆ: ಸದ್ದು ಬೇಕೋ, ಮಾತು ಬೇಕೋ?



ಮೂರು ತಿಂಗಳಿಗೊಮ್ಮೆ ಈ ಪುಟದಲ್ಲಿ ನಮ್ಮ ಮನೆಯ ಒಂದೊಂದು ಫಜೀತಿಯನ್ನು ನಿಮ್ಮ ಮುಂದೆ ಬಿಚ್ಚಿಡುವುದು ನಮ್ಮ ವಾಡಿಕೆ. ಸಂಘದ ಸಭೆಯಲ್ಲಿ ಸಿಕ್ಕಾಗ 'ನಮ್ಮ ಮನ್ಯಾಗೂ ಹಿಂಗ ಆತ್ರೀ' ಎಂದು ಸಮಾಧಾನ ಹೇಳುವುದು ನಿಮ್ಮ ವಾಡಿಕೆ. ಈ ಸಲದ ಫಜೀತಿ ಸ್ಪೀಕರುಗಳದು. ಅಂದರೆ ಮನೆಯಲ್ಲಿಯೇ ಚಿತ್ರಮಂದಿರ ಕಟ್ಟುವ 'ಹೋಮ್ ಥಿಯೇಟರ್' ಎಂಬ ವ್ಯವಹಾರದ್ದು. ಸರಕಾರಿ ಕಾರಕೂನನ ಸಂಬಳದಲ್ಲಿ ಚಿತ್ರಮಂದಿರವೇ ಎಂದು ಈಗಲೇ ನಗಬೇಡಿರಿ. ಪೂರ್ತಿ ಓದಿ ಆಮೇಲೆ ನಗಿರಿ.

ನಮ್ಮ ವಾಸ ಮುಂಬಯಿಯಲ್ಲಿ, ಸರಕಾರಿ ವಸತಿಯ ಮೂರನೆಯ ಮಾಳಿಗೆಯಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ. ದೊಡ್ಡ ಕೋಣೆ ಎಂದು ನಾವು ಅಭಿಮಾನದಿಂದ ಕರೆಯುವುದು 14 ಅಡಿ ಉದ್ದ, 10 ಅಡಿ ಅಗಲ. ಇಷ್ಟರಲ್ಲಿ ನಾವು, ನಮ್ಮಾಕೆ, ಇಬ್ಬರು ಮಕ್ಕಳು, ಜೊತೆಗೆ ನಾಲ್ಕು ವರುಷಗಳಿಂದ ನಮ್ಮೊಡನೆ ಇರುವ ನಮ್ಮ ಅವ್ವ. ಅವ್ವ ಧಾರವಾಡದ ಕಡೆಯವಳು. ಊರ ಮನೆಗೆ ಬೀಗ ಹಾಕಿ ಬರುವಾಗ ಒಂದು ಟ್ರಂಕು, ಒಂದು ತಾಮ್ರದ ತಂಬಿಗೆ, ಒಂದು ನವಲಗುಂದದ ಜಮಖಾನೆ ಇಷ್ಟನ್ನು ಮಾತ್ರ ತಂದಳು. ಜಮಖಾನೆಯ ಸುದ್ದಿ ಮುಂದೆ ಬರುತ್ತದೆ.

ನಮ್ಮ ಮಕ್ಕಳ ಸಾಲೆ ಇಂಗ್ಲಿಷಿನದು, ಅಂಗಳದ ಆಟ ಹಿಂದಿಯದು, ಕೆಳಗಿನ ಅಂಗಡಿಯ ವ್ಯವಹಾರ ಮರಾಠಿಯದು. ಕನ್ನಡಕ್ಕೆ ಉಳಿದದ್ದು ರವಿವಾರದ ಸಂಜೆ ಒಂದೇ. ಆ ಸಂಜೆ ಅಜ್ಜಿಯ ಎಡಬಲಕ್ಕೆ ಮೊಮ್ಮಕ್ಕಳು ಕುಳಿತು ಒಂದು ಕನ್ನಡ ಚಿತ್ರ ನೋಡುವುದು ಪದ್ಧತಿಯಾಗಿತ್ತು. ತಿಳಿಯದ ಮಾತು ಬಂದರೆ ಅಜ್ಜಿ ಅರ್ಥ ಹೇಳುತ್ತಿದ್ದಳು. ಅರ್ಥದ ಬೆನ್ನಿಗೆ ಒಂದು ಕತೆ, ಕತೆಯ ಬೆನ್ನಿಗೆ ಒಂದು ಗಾದೆ. ಒಂದೊಂದು ಸಲ ಚಿತ್ರ ಮುಗಿದರೂ ಗಾದೆ ಮುಗಿಯುತ್ತಿರಲಿಲ್ಲ.

ಎರಡು ವರುಷದ ಹಿಂದೆ ದೀಪಾವಳಿಗೆ ಹೊಸ ಟೀವಿ ತಂದೆವು. 43 ಇಂಚಿನದು, ಎರಡು ಬೆರಳು ದಪ್ಪ. ಚಿತ್ರವೇನೋ ಕನ್ನಡಿಯಂತೆ ಕಾಣುತ್ತದೆ. ಆದರೆ ಎರಡು ಬೆರಳು ದಪ್ಪದ ಪೆಟ್ಟಿಗೆಯಲ್ಲಿ ಸ್ಪೀಕರಿಗೆ ಜಾಗವೆಲ್ಲಿ? ಅದನ್ನು ತಳಭಾಗದಲ್ಲಿ, ಬಾಯಿ ಕೆಳಗೆ ಮಾಡಿ ಕೂರಿಸಿದ್ದಾರೆ. ಹೀಗಾಗಿ ನಾಯಕ ನಮ್ಮ ಕಡೆ ಮುಖ ಮಾಡಿ ಆಡಿದ ಮಾತು ನೆಲಕ್ಕೆ ಬಡಿದು, ಗೋಡೆಗೆ ಬಡಿದು, ಉಳಿದರೆ ನಮ್ಮ ಕಿವಿಗೆ ಬರುತ್ತದೆ.

ನಮಗೆ ಇದು ಗೊತ್ತಾದದ್ದು ಅವ್ವನ ನಗುವಿನಿಂದ. ಚಿತ್ರದಲ್ಲಿ ವಿನೋದ ಬಂದಾಗ ನಾವೆಲ್ಲ ನಕ್ಕರೆ ಅವ್ವನೂ ನಗುತ್ತಿದ್ದಳು, ಆದರೆ ಒಂದು ಗಳಿಗೆ ತಡವಾಗಿ. ಮೊದಮೊದಲು ಗಮನಕ್ಕೆ ಬರಲಿಲ್ಲ. ಒಂದು ದಿನ ಗಮನವಿಟ್ಟು ನೋಡಿದೆವು. ಅವಳು ಟೀವಿಯನ್ನು ನೋಡುತ್ತಿರಲಿಲ್ಲ, ನಮ್ಮ ಮುಖಗಳನ್ನು ನೋಡುತ್ತಿದ್ದಳು. ನಾವು ನಕ್ಕದ್ದು ಖಾತ್ರಿಯಾದ ಮೇಲೆ ತಾನೂ ನಗುತ್ತಿದ್ದಳು.

ಕೆಲವು ದಿನ 'ಏನಂದಾ ಅಂವಾ?' ಎಂದು ಕೇಳಿದಳು. ಒಮ್ಮೆ ನಮ್ಮ ಮಗಳು ಕಣ್ಣನ್ನು ಟೀವಿಯಿಂದ ಕೀಳದೆ 'ಕುಛ್ ನಹೀ, ಅಜ್ಜಿ' ಎಂದುಬಿಟ್ಟಳು. ಅದರಲ್ಲಿ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಆದರೆ ಆಮೇಲೆ ಅವ್ವ ಕೇಳುವುದನ್ನು ಬಿಟ್ಟಳು. ರವಿವಾರ ಸಂಜೆ 'ನಿದ್ದಿ ಬರ್ತದ' ಎಂದು ಒಳಗೆ ಹೋಗಿ ಮಲಗತೊಡಗಿದಳು. ಅಜ್ಜಿ ಇಲ್ಲದ ಮೇಲೆ ಮಕ್ಕಳಿಗೆ ಕನ್ನಡ ಚಿತ್ರವಾದರೂ ಏತಕ್ಕೆ? ಬೇರೆ ಬೇರೆ ಭಾಷೆಯ ಬೇರೆ ಬೇರೆ ಚಿತ್ರಗಳು ಬಂದವು. ಹೀಗೆ ನಮ್ಮ ಮನೆಯ ಒಂದು ಸಂಜೆಯ ಕನ್ನಡವೂ ಯಾರ ಗಮನಕ್ಕೂ ಬಾರದೆ ಮೆಲ್ಲಗೆ ಎದ್ದು ಹೋಯಿತು.

ಇದಕ್ಕೆ ಪರಿಹಾರವೆಂದು ನಾವು ಮಾಡಿದ ಮೊದಲ ಕೆಲಸ, ಎಲ್ಲರೂ ಮಾಡುವ ತಪ್ಪು. ಹಬ್ಬದ ರಿಯಾಯಿತಿಯಲ್ಲಿ 13,500 ರೂಪಾಯಿಗೆ ಒಂದು ದೊಡ್ಡ ಖೋಕೆ ಮನೆಗೆ ಬಂತು. ಒಳಗೆ ಐದು ಸಣ್ಣ ಪೆಟ್ಟಿಗೆ, ಒಂದು ಕರಿಯ ದೊಡ್ಡ ಪೆಟ್ಟಿಗೆ. ಖೋಕೆಯ ಮೇಲೆ '15,000 ವ್ಯಾಟ್' ಎಂದು ಬೆಂಕಿಯ ಜ್ವಾಲೆಯ ಅಕ್ಷರಗಳು. ಹಚ್ಚಿದೆವು. ಕಪಾಟಿನ ಸ್ಟೀಲಿನ ಡಬ್ಬಿಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎಂದವು. ಕೆಳಗಿನ ಮನೆಯ ಆಜೋಬಾ ಕೋಲು ಊರಿಕೊಂಡು ಮೂರು ಮಾಳಿಗೆ ಏರಿ ಬಂದು, 'ಭೂಕಂಪವಾಯಿತೇನು?' ಎಂದು ವಿನಯದಿಂದ ವಿಚಾರಿಸಿದರು. ನಾವು ಅವ್ವನ ಮುಖ ನೋಡಿದೆವು. ಅವ್ವ ಹೇಳಿದಳು:

'ಸದ್ದು ಕೇಳಸ್ತದಪಾ. ಮಾತು ಕೇಳಸೂದಿಲ್ಲ.'

ಓದುಗರೇ, ಸ್ಪೀಕರಿನ ವಿಷಯವಾಗಿ ನಾವು ಆಮೇಲೆ ಓದಿದ, ಕೇಳಿದ, ಹಣ ಕೊಟ್ಟು ಕಲಿತ ವಿದ್ಯೆಯೆಲ್ಲ ಈ ಒಂದು ಮಾತಿನ ಟೀಕೆ ಅಷ್ಟೆ. ಬಿ.ಎ.ಗೆ ಓದುವಾಗ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. 13ನೆಯ ಶತಮಾನದ ಆ ವ್ಯಾಕರಣದ ಹೆಸರಿನಲ್ಲಿರುವ 'ಶಬ್ದ'ಕ್ಕೆ ಪದ ಎಂದು ಅರ್ಥ. ಅಂಗಡಿಯವನು 'ಭಾರೀ ಶಬ್ದ ಬರುತ್ತದೆ' ಎಂದರೆ ಸದ್ದು ಎಂದು ಅರ್ಥ. ನಾವು ಪದಕ್ಕೆಂದು ಹೋಗಿ ಸದ್ದು ಕೊಂಡು ಬಂದಿದ್ದೆವು.

ಎರಡನೆಯ ಕೆಲಸವನ್ನು ಮೊದಲು ಮಾಡಬೇಕಾಗಿತ್ತು. ಅವ್ವನನ್ನು ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಾಜಿನ ಕೋಣೆಯಲ್ಲಿ ಕೂರಿಸಿ, ಸಣ್ಣ ದೊಡ್ಡ ಸ್ವರಗಳನ್ನು ಕೇಳಿಸಿ, ಒಂದು ನಕ್ಷೆ ಬರೆದುಕೊಟ್ಟರು. ಗೆರೆ ಎಡಗಡೆ ಚೆನ್ನಾಗಿಯೇ ಇದ್ದು, ಬಲಗಡೆಗೆ ಹೋಗುತ್ತ ಘಟ್ಟ ಇಳಿದಂತೆ ಇಳಿದಿತ್ತು. ವಯಸ್ಸಾದಂತೆ ಮೊದಲು ಕುಗ್ಗುವುದು ಎತ್ತರದ ಧ್ವನಿಗಳನ್ನು ಕೇಳುವ ಶಕ್ತಿಯಂತೆ. ನಮ್ಮ ಮಾತಿನಲ್ಲಿ ಅ, ಆ, ಓ ಮೊದಲಾದ ಸ್ವರಗಳ ಬಲವೆಲ್ಲ ತಗ್ಗಿನ ಧ್ವನಿಯಲ್ಲಿ ಇರುತ್ತದೆ. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಇರುವುದು ಎತ್ತರದಲ್ಲಿ, ಸೆಕೆಂಡಿಗೆ 2,000 ಕಂಪನಗಳ ಆಚೆ ಈಚೆ ಮತ್ತು ಅದಕ್ಕೂ ಮೇಲೆ. ಹೀಗಾಗಿ ಹತ್ತಿ, ಕತ್ತಿ, ಬತ್ತಿ ಎಲ್ಲವೂ ಅವ್ವನಿಗೆ ಒಂದೇ. ಸ್ವರ ಮುಟ್ಟುತ್ತದೆ, ವ್ಯಂಜನ ಮುಟ್ಟುವುದಿಲ್ಲ. ಇನ್ನು ನಮ್ಮ 15,000 ವ್ಯಾಟಿನ ಖೋಕೆ ಮಾಡುತ್ತಿದ್ದುದು ಏನು? ಕೇಳುತ್ತಿದ್ದ ತಗ್ಗಿನ ಧ್ವನಿಯನ್ನೇ ಹತ್ತು ಪಟ್ಟು ಮಾಡಿ, ಉಳಿದ ಅಲ್ಪಸ್ವಲ್ಪ ವ್ಯಂಜನವನ್ನೂ ಅದರ ಕೆಳಗೆ ಹೂಳುತ್ತಿತ್ತು.

ಡಾಕ್ಟರರು ಕಿವಿಯ ಯಂತ್ರ ಬರೆದುಕೊಟ್ಟರು. ಅದನ್ನು ಕೊಂಡೆವು. 'ಕಿವ್ಯಾಗ ಹುಳ ಹೊಕ್ಕಂಗ ಆಗ್ತದ' ಎಂದು ಅವ್ವ ಮೊದಲು ತೆಗೆದಿಟ್ಟಳು. ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ಕೆಲವು ವಾರಗಳಲ್ಲಿ ರೂಢಿ ಮಾಡಬೇಕೆಂದು ಡಾಕ್ಟರರು ಹೇಳಿದಂತೆ ಮಾಡಿದೆವು. ಎದುರಿಗೆ ಕುಳಿತು ಆಡಿದ ಮಾತು ಈಗ ತಿಳಿಯತೊಡಗಿತು. ಟೀವಿಯದು ಮಾತ್ರ ತಿಳಿಯಲಿಲ್ಲ. ಯಂತ್ರವು ಮಾತನ್ನು ಹೆಚ್ಚಿಸುವಂತೆ ಕೋಣೆಯ ಮರುದನಿಯನ್ನೂ ಹೆಚ್ಚಿಸುತ್ತದೆ. ಮನೆಯಲ್ಲಿ ಹಿರಿಯರು ಇದ್ದವರಿಗೆ ನಮ್ಮ ಮೊದಲ ಸೂಚನೆ ಇದು: ಸ್ಪೀಕರಿಗಿಂತ ಮೊದಲು ಕಿವಿ ತೋರಿಸಿರಿ. ಆದರೆ ಕಿವಿ ತೋರಿಸಿದೊಡನೆ ಸ್ಪೀಕರಿನ ಕೆಲಸ ಮುಗಿಯಿತೆಂದು ತಿಳಿಯಬೇಡಿರಿ.

ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಗೆಳೆಯರಿದ್ದಾರೆ. ಹಗಲೆಲ್ಲ ಬಿಲ್ಲುಗಳಲ್ಲಿ ತಪ್ಪು ಹುಡುಕುವುದು, ರಾತ್ರಿಯೆಲ್ಲ ಹಳೆಯ ಆಂಪ್ಲಿಫೈಯರುಗಳಲ್ಲಿ ತಪ್ಪು ಹುಡುಕುವುದು ಅವರ ಜೀವನ. ಅವರಿಗೆ ನಮ್ಮ ಖೋಕೆ ತೋರಿಸಿದೆವು. ಅವರು ಜ್ವಾಲೆಯ ಅಕ್ಷರಗಳ ಪಕ್ಕದಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ತೋರಿಸಿದರು: 'ಪಿಎಂಪಿಓ'.

'ಇದು ಹೇಗೆ ಗೊತ್ತೇ? ಲಗ್ನದ ಕಾಲಕ್ಕೆ ವರನ ಕಡೆಯವರು ಹೇಳುವ ಆಸ್ತಿಯ ಹಾಗೆ. ಒಂದು ಕ್ಷಣದ ತುತ್ತತುದಿಯನ್ನು ಹಿಡಿದು, ಎಲ್ಲ ಪೆಟ್ಟಿಗೆಗಳದ್ದನ್ನೂ ಕೂಡಿಸಿ, ಮನಸ್ಸಿಗೆ ಬಂದಷ್ಟು ಬರೆಯುತ್ತಾರೆ. ನೀವು ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟು. ಸತತವಾಗಿ ಎಷ್ಟು ಕೊಡಬಲ್ಲದು ಎಂಬುದು ಅದರಿಂದ ತಿಳಿಯುತ್ತದೆ,' ಎಂದರು.

ಮುಂದೆ ಅವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ನಮಗೆ ನಾಚಿಕೆಯಾಯಿತು. ಸ್ಪೀಕರಿನ ವಿವರದಲ್ಲಿ 'ಸಂವೇದನೆ' ಎಂದು ಒಂದು ಅಂಕಿ ಇರುತ್ತದೆ, 87 ಡೆಸಿಬೆಲ್, 90 ಡೆಸಿಬೆಲ್ ಎಂಬಂತೆ. ಒಂದು ವ್ಯಾಟು ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದರೆ ಎಷ್ಟು ಗಟ್ಟಿ ಕೇಳುತ್ತದೆಂಬ ಲೆಕ್ಕ ಅದು. ಮನುಷ್ಯರ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ನಮ್ಮಂಥ ಕೋಣೆಯಲ್ಲಿ ಎಂಟು ಅಡಿ ದೂರದಿಂದ ಚಿತ್ರದ ಮಾತು ಕೇಳುವುದಕ್ಕೆ ಪೂರ್ತಿ ಒಂದು ವ್ಯಾಟು ಕೂಡ ಬೇಡ! ವ್ಯಾಟು ಇಮ್ಮಡಿಯಾದರೆ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ 'ಇಮ್ಮಡಿಯಾಯಿತು' ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟು ಬೇಕು. ಆದ್ದರಿಂದ 87ರ ಬದಲು 90ರ ಸ್ಪೀಕರು ತಂದರೆ ಅರ್ಧ ವ್ಯಾಟಿನಲ್ಲಿ ಅಷ್ಟೇ ಕೆಲಸವಾಗುತ್ತದೆ. ವ್ಯಾಟಿನ ಹಿಂದೆ ಓಡುವವನು ಬಡ್ತಿಯ ಹಿಂದೆ ಓಡುವ ಕಾರಕೂನನಂತೆ. ಸುಸ್ತು ಬಹಳ, ಲಾಭ ಮೂರು ಡೆಸಿಬೆಲ್.

ಹಳೆಯ ಖೋಕೆಯನ್ನು ನಮ್ಮ ಬಡಾವಣೆಯ ಗಣೇಶ ಮಂಡಳಿಯವರು 4,000 ರೂಪಾಯಿಗೆ ಕೊಂಡರು. ಅಲ್ಲಿ ಅದಕ್ಕೆ ತಕ್ಕ ಉದ್ಯೋಗ ಸಿಕ್ಕಿತು. ಅಷ್ಟರಲ್ಲಿ ಐದು ವರುಷದ ನಮ್ಮ ಅಂಚೆಯ ಠೇವಣಿ ಮುಗಿದು ಕೈಗೆ 60,000 ರೂಪಾಯಿ ಬಂತು. ಅದು ಹೊಸ ಫ್ರಿಜ್ಜಿಗೆಂದು ಕಟ್ಟಿದ ಹಣ. ನಮ್ಮಾಕೆಯ ಮುಖ ನೋಡಿದೆವು. ಆಕೆ, 'ಅಲ್ರೀ, ಫ್ರಿಜ್ಜು ಇನ್ನೊಂದು ವರ್ಷ ದಮ್ಮು ಹಿಡೀತದ. ಅತ್ತಿಯವರು ಸಂಜೀಮುಂದ ಒಳಗ ಹೋಗಿ ಮಲಗೂದು ನನಗ ನೋಡಲಿಕ್ಕಾಗೂದಿಲ್ಲ' ಎಂದಳು. ಮಂಜೂರಾತಿ ದೊರೆಯಿತು.

ಇನ್ನು ಆಯ್ಕೆಯ ಪ್ರಶ್ನೆ. 5.1 ಎಂದರೇನು? ಇದು ದಶಾಂಶವಲ್ಲ. ಮುಂದೆ ಎಡ, ನಡು, ಬಲ ಮೂರು; ಹಿಂದೆ ಅಥವಾ ಪಕ್ಕಕ್ಕೆ ಎರಡು; ಇವು ಐದು. ಚುಕ್ಕೆಯ ಮುಂದಿನ ಒಂದು, ಗುಡುಗಿಗೆ ಮೀಸಲಾದ ಸಬ್‌ವೂಫರ್. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ ಛಾವಣಿಯಿಂದಲೂ ಧ್ವನಿ ಇಳಿಯುತ್ತದೆ. 5.1.2 ಎಂದು ಬರೆದರೆ ಕೊನೆಯ ಎರಡು ಛಾವಣಿಯವು. ನಮ್ಮ ಛಾವಣಿ ನಮ್ಮದಲ್ಲ, ಸರಕಾರದ್ದು. ಅದಕ್ಕೆ ಒಂದು ಮೊಳೆ ಹೊಡೆಯಬೇಕಾದರೂ ನಾವು ಅರ್ಜಿ ಬರೆಯಬೇಕು. ಅಂಥ ಅರ್ಜಿಗಳ ಗತಿ ಏನಾಗುತ್ತದೆಂದು ಕಾರಕೂನರಾದ ನಮಗಿಂತ ಬಲ್ಲವರಿಲ್ಲ. ಛಾವಣಿ ಬಿಟ್ಟೆವು.

60,000 ರೂಪಾಯಿಯನ್ನು ಆರು ಪೆಟ್ಟಿಗೆಗೂ ಒಂದು ಯಂತ್ರಕ್ಕೂ ಸಮನಾಗಿ ಹಂಚಿದರೆ ಏಳೂ ಬಡವಾಗುತ್ತವೆ. 'ಮಾತು ಬರುವುದು ಎಲ್ಲಿಂದಲೋ ಅಲ್ಲಿಗೆ ಹಣ ಹಾಕಿರಿ. ಉಳಿದವು ಮುಂದಿನ ಠೇವಣಿಗೆ' ಎಂದರು ಗೆಳೆಯರು. ಚಿತ್ರದ ಮಾತಿನ ಬಹುಭಾಗ ಬರುವುದು ನಡುವಿನ ಸ್ಪೀಕರಿನಿಂದ.

ಎರಡೇ ಸ್ಪೀಕರು ಸಾಲದೇ ಎಂದು ನಾವು ಕೇಳಿದೆವು. ಲಂಡನ್ನಿನ ಎಂಜಿನಿಯರು ಅಲನ್ ಬ್ಲಮ್ಲೈನ್ ಎಂಬವರು ಚಿತ್ರ ನೋಡಲು ಹೋದಾಗ, ನಟ ಪರದೆಯ ಒಂದು ಬದಿಯಲ್ಲಿದ್ದರೂ ಅವನ ಮಾತು ಬೇರೆ ಕಡೆಯಿಂದ ಬರುವುದನ್ನು ಕಂಡು ಬೇಸತ್ತು, ಎರಡು ಸ್ಪೀಕರುಗಳ ಸ್ಟೀರಿಯೋ ಪದ್ಧತಿಗೆ 1931ರಲ್ಲಿ ಹಕ್ಕುಪತ್ರ ಕೇಳಿದರಂತೆ. ಎರಡು ಸ್ಪೀಕರುಗಳಲ್ಲಿ ಒಂದೇ ಧ್ವನಿ ಸಮನಾಗಿ ಬಂದರೆ, ಸರಿಯಾಗಿ ನಡುವೆ ಕುಳಿತವನಿಗೆ ಅದು ನಡುವಿನಿಂದಲೇ ಬಂದಂತೆ ಕೇಳುತ್ತದೆ. ಒಬ್ಬರೇ ಇರುವ ಮನೆಗೆ ಇದು ಚೆನ್ನ. ನಮ್ಮ ಮನೆಯಲ್ಲಿ ನಡುವಿನ ಜಾಗ ಮಗನದು. ಅವ್ವನದು ಬಾಗಿಲ ಬದಿಯ ಮೂಲೆ; ಬೆನ್ನಿಗೆ ಗೋಡೆ ಬೇಕು ಅವಳಿಗೆ. ಮೂಲೆಯಲ್ಲಿ ಕುಳಿತವರಿಗೆ ಹತ್ತಿರದ ಸ್ಪೀಕರೇ ಮಾತನಾಡುತ್ತದೆ, ನಟ ಮಾತನಾಡುವುದಿಲ್ಲ. ಆದ್ದರಿಂದ ಐದು ಜನ ಕುಳಿತು ನೋಡುವ ಮನೆಗೆ ನಡುವಿನ ಸ್ಪೀಕರು ಬೇಕು ಎಂದು ತೀರ್ಮಾನವಾಯಿತು.

ಒಂದು ಶನಿವಾರ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಅವ್ವನನ್ನೂ ಕರೆದುಕೊಂಡೆವು. ಅಂಗಡಿಯ ಹುಡುಗ ನಮ್ಮನ್ನು ಕಂಡೊಡನೆ ಸ್ಫೋಟಗಳಿಂದ ತುಂಬಿದ ಒಂದು ಚಿತ್ರ ಹಚ್ಚಿದ. ಇಲ್ಲಿ ಎಚ್ಚರ! ಸ್ಫೋಟ ಯಾವ ಸ್ಪೀಕರಿನಲ್ಲಿಯೂ ಸ್ಫೋಟವೇ. ಒಳ್ಳೆಯ ಸ್ಪೀಕರೆಂದು ಗುರುತಿಸುವುದು ಪರಿಚಯದ ಕಂಠದಿಂದ. ನಾವು 1972ರ 'ಬಂಗಾರದ ಮನುಷ್ಯ'ವನ್ನು ನಮ್ಮ ಫೋನಿನಿಂದ ಹಚ್ಚಲು ಹೇಳಿ, ಹಾಡು ಬಿಟ್ಟು ಮಾತಿನ ಭಾಗವನ್ನು ಇಡಿಸಿದೆವು. ರಾಜಕುಮಾರರ ಕಂಠವನ್ನು ಅವ್ವ ಐವತ್ತು ವರುಷ ಕೇಳಿದ್ದಾಳೆ. ಅದರಲ್ಲಿ ಯಾವ ಸ್ಪೀಕರೂ ಅವಳಿಗೆ ಸುಳ್ಳು ಹೇಳಲಾರದು.

ಇನ್ನೊಂದು ಎಚ್ಚರ. ಒಂದನ್ನು ಕೊಂಚ ಹೆಚ್ಚು ಗಟ್ಟಿಯಾಗಿ ಹಚ್ಚಿದರೆ ಅದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಎರಡನ್ನೂ ಒಂದೇ ಗಟ್ಟಿಯಲ್ಲಿ ಇಡಿಸಿ ತೂಗಬೇಕು. ಹಾಗೆ ಮೂರು ಜೋಡಿ ಕೇಳಿದೆವು. ಯಾವುದರ ಬೆಲೆ ಎಷ್ಟೆಂದು ಅವ್ವನಿಗೆ ಹೇಳಲಿಲ್ಲ. ಎಲ್ಲಕ್ಕೂ ತುಟ್ಟಿಯದನ್ನು ಕೇಳಿ, 'ಇಂವಾ ಗಡಿಗ್ಯಾಗ ಮುಖಾ ಹಾಕಿ ಮಾತಾಡ್ತಾನ' ಎಂದಳು. ಎರಡನೆಯದಕ್ಕೆ, 'ಇಂವಗ ನೆಗಡಿ.' ಮೂರನೆಯದು ಹಚ್ಚಿದಾಗ ಏನೂ ಹೇಳಲಿಲ್ಲ. ಸುಮ್ಮನೆ ಕುಳಿತು ಪೂರ್ತಿ ಸಂಭಾಷಣೆ ಕೇಳಿದಳು. ಕನ್ನಡ ಬಾರದ ಅಂಗಡಿಯ ಹುಡುಗನಿಗೂ ವ್ಯಾಪಾರ ಕುದುರಿತೆಂದು ತಿಳಿಯಿತು. ಅದು ನಡುವಿನ ಬೆಲೆಯದು. ಅದೇ ಕಂಪನಿಯ, ಅದೇ ಶ್ರೇಣಿಯ ನಡುವಿನ ಸ್ಪೀಕರನ್ನೇ ತೆಗೆದುಕೊಂಡೆವು. ಮೂರೂ ಒಂದೇ ಮನೆತನದವಾದರೆ ನಟ ಎಡದಿಂದ ಬಲಕ್ಕೆ ನಡೆದಾಗ ಅವನ ಕಂಠ ಬದಲಾಗುವುದಿಲ್ಲ.

ಲೆಕ್ಕ ಬರೆಯುವುದು ನಮ್ಮ ಕುಲವೃತ್ತಿ, ಆದ್ದರಿಂದ ಲೆಕ್ಕ. ಎಡಬಲದ ಜೋಡಿಗೆ 16,000. ನಡುವಿನದಕ್ಕೆ 11,000. ಎವಿ ರಿಸೀವರ್ ಎಂಬ ಯಂತ್ರಕ್ಕೆ 27,000. ಎರಡು ನಿಲುವುಗಳು, ತಾಮ್ರದ ತಂತಿ ಸೇರಿ 3,000. ಒಟ್ಟು 57,000. ತಂತಿಯ ವಿಷಯದಲ್ಲಿ ಬಂಗಾರದ ಮುಲಾಮಿನ ಮಾತು ನಂಬಬೇಡಿರಿ. 16 ಗೇಜಿನ ಶುದ್ಧ ತಾಮ್ರದ ತಂತಿ ನಮ್ಮಂಥ ಕೋಣೆಗೆ ಧಾರಾಳ. ರಿಸೀವರು ಕೊಳ್ಳುವಾಗ ಎಚ್‌ಡಿಎಂಐ ಎಆರ್‌ಸಿ ಎಂಬ ಸೌಲಭ್ಯ ಟೀವಿಯಲ್ಲಿಯೂ ಅದರಲ್ಲಿಯೂ ಇದೆಯೇ ನೋಡಿಕೊಳ್ಳಿರಿ. ಇದ್ದರೆ ಟೀವಿಯ ಧ್ವನಿಯೆಲ್ಲ ಒಂದೇ ತಂತಿಯಲ್ಲಿ ರಿಸೀವರಿಗೆ ಬರುತ್ತದೆ. ಸ್ಪೀಕರಿನ ಹಿಂದೆ 8 ಓಮ್, 6 ಓಮ್ ಎಂದು ಬರೆದಿರುವುದನ್ನು ರಿಸೀವರಿನ ವಿವರದೊಡನೆ ತಾಳೆ ಹಾಕಿರಿ.

ಸಬ್‌ವೂಫರ್ ತರಲಿಲ್ಲ. ತಗ್ಗಿನ ಧ್ವನಿಗೆ ಗೋಡೆಯ ಮರ್ಯಾದೆ ಗೊತ್ತಿಲ್ಲ. ಅದು ನೇರವಾಗಿ ಪಕ್ಕದ ಮನೆಗೆ ಹೋಗುತ್ತದೆ. ಪಕ್ಕದ ಮನೆಯ ಹುಡುಗಿ ಈ ವರುಷ ಹನ್ನೆರಡನೆಯ ಇಯತ್ತೆಯ ಪರೀಕ್ಷೆಗೆ ಕೂಡುವವಳು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ನಿಯಮಕ್ಕಿಂತ ಮೇಲಾದದ್ದು ಆಜೋಬಾ ಅವರ ಮೊಣಕಾಲು. ಅವರನ್ನು ಮತ್ತೊಮ್ಮೆ ಮೂರು ಮಾಳಿಗೆ ಹತ್ತಿಸಬಾರದು. ಸಬ್‌ವೂಫರ್ ಇಲ್ಲದವರು ಅದು ಇಲ್ಲವೆಂದು ರಿಸೀವರಿಗೆ ತಿಳಿಸಬೇಕು. ಆಗ ಅದರ ಪಾಲಿನ ಧ್ವನಿ ಎಡಬಲದ ಸ್ಪೀಕರುಗಳಿಗೆ ಹೋಗುತ್ತದೆ. ತಿಳಿಸದಿದ್ದರೆ ಅಷ್ಟು ಧ್ವನಿ ವಾರಸುದಾರರಿಲ್ಲದ ಅಂಚೆಯಂತೆ ಕಳೆದುಹೋಗುತ್ತದೆ.

ಮನೆಗೆ ತಂದು ಜೋಡಿಸಿದೆವು. ಹಚ್ಚಿದೆವು. ಅಂಗಡಿಯಲ್ಲಿ ಕೇಳಿದ ಕಂಠ ಮನೆಯಲ್ಲಿ ಬರಲಿಲ್ಲ! ನಮ್ಮ ಎದೆ ಧಸಕ್ಕೆಂದಿತು. 57,000 ರೂಪಾಯಿ, ಫ್ರಿಜ್ಜು, ನಮ್ಮಾಕೆಯ ಮುಖ ಎಲ್ಲ ಕಣ್ಣ ಮುಂದೆ ಬಂದವು. ಗೆಳೆಯರನ್ನು ಕರೆಸಿದೆವು. ಅವರು ಮೊದಲು ಸ್ಪೀಕರಿನ ಹಿಂದೆ ನೋಡಿ, ಒಂದರ ಕೆಂಪು ಕಪ್ಪು ತಂತಿಗಳನ್ನು ನಾವು ಅದಲುಬದಲು ಮಾಡಿದ್ದನ್ನು ಸರಿಪಡಿಸಿದರು. ಹಾಗೆ ಮಾಡಿದರೆ ಒಂದು ಸ್ಪೀಕರು ಮುಂದೆ ನೂಕುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಧ್ವನಿಯ ಮೈ ಕರಗಿಹೋಗುತ್ತದೆ. ಆಮೇಲೆ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರು. ಟಣ್ ಎಂದು ಮರುದನಿ ಬಂತು. 'ತಪ್ಪು ಸ್ಪೀಕರಿನದಲ್ಲ. ನೆಲಕ್ಕೆ ಟೈಲ್ಸು, ಗೋಡೆ ಬೋಳು, ಕಿಟಕಿಗೆ ಗಾಜು. ಸ್ನಾನದ ಮನೆಯಲ್ಲಿ ಕುಳಿತು ಹರಿಕತೆ ಕೇಳಿದಂತೆ ಆಗಿದೆ,' ಎಂದರು.

1895ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಮಂದಿರದಲ್ಲಿಯೂ ಇದೇ ಗತಿಯಾಗಿತ್ತು. ಅಧ್ಯಾಪಕರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ವಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕರು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆ ಹಾಸಿದರೆ ಮರುದನಿ ಎಷ್ಟು ಬೇಗ ಅಡಗುತ್ತದೆಂದು ಅಳೆದು, ಕೋಣೆಯ ಗಾತ್ರಕ್ಕೂ ಮೆತ್ತನೆಯ ವಸ್ತುಗಳಿಗೂ ಇರುವ ಲೆಕ್ಕವನ್ನು ಕಂಡುಹಿಡಿದರು. ಇಂದಿಗೂ ಸಭಾಗೃಹ ಕಟ್ಟುವವರಿಗೆ ಆ ಲೆಕ್ಕ ಬೇಕು.

ನಾಟಕಶಾಲೆಯ ಮೆತ್ತೆ ನಮಗೆಲ್ಲಿ? ಈ ಮಾತೆಲ್ಲ ಕೇಳುತ್ತ ಮೂಲೆಯಲ್ಲಿ ಕುಳಿತಿದ್ದ ಅವ್ವ ಎದ್ದು ಹೋಗಿ, ಮಗನಿಂದ ಅಟ್ಟದ ಮೇಲಿನ ಗಂಟನ್ನು ಇಳಿಸಿದಳು. ಬಿಚ್ಚಿದರೆ ನವಲಗುಂದದ ಜಮಖಾನೆ! ನವಿಲಿನ ಚಿತ್ರದ್ದು, ಅವಳ ತವರಿನಿಂದ ಬಂದದ್ದು. ಮುಂಬಯಿಯ ಧೂಳಿಗೆ ಹಾಳಾದೀತೆಂದು ನಾಲ್ಕು ವರುಷ ಕಟ್ಟಿಯೇ ಇಟ್ಟಿದ್ದಳು. ಸ್ಪೀಕರಿಗೂ ನಮಗೂ ನಡುವಿನ ನೆಲದ ಮೇಲೆ ಅದನ್ನು ಹಾಸಿದೆವು. ತೆಳುವಾದ ಬಟ್ಟೆ ಎತ್ತರದ ಧ್ವನಿಯ ಮರುದನಿಯನ್ನಷ್ಟೇ ನುಂಗುತ್ತದೆ. ದಪ್ಪನೆಯ ವಸ್ತುವೂ ಬೇಕು. ಹೀಗೆಂದು ಎದುರು ಗೋಡೆಗೆ ಹತ್ತಿ ಗಾದಿಯ ದಿವಾನ ಸರಿಸಿದೆವು, ಕಿಟಕಿಗೆ ದಪ್ಪನೆಯ ಪರದೆ ಇಳಿಬಿಟ್ಟೆವು, ಪುಸ್ತಕದ ಕಪಾಟನ್ನು ಬೋಳು ಗೋಡೆಗೆ ತಂದೆವು. ಪರದೆಗೆ ತಗುಲಿದ್ದು 1,400 ರೂಪಾಯಿ. ಉಳಿದದ್ದು ಮನೆಯದೇ. ಗೆಳೆಯರು ಮತ್ತೆ ಚಪ್ಪಾಳೆ ತಟ್ಟಿದರು. ಈ ಸಲ ಚಪ್ಪಾಳೆ ಚಪ್ಪಾಳೆಯಂತೆ ಕೇಳಿತು.

ಆಮೇಲೆ ಸಣ್ಣಪುಟ್ಟ ಕೆಲಸ. ನಡುವಿನ ಸ್ಪೀಕರನ್ನು ಶೋಕೇಸಿನ ಒಳಗಿನಿಂದ ತೆಗೆದು ಅಂಚಿಗೆ ತಂದು, ಮುಂಭಾಗವನ್ನು ಕೊಂಚ ಎತ್ತಿ, ಕುಳಿತವರ ಕಿವಿಗೆ ಗುರಿ ಮಾಡಿದೆವು. ಎಡಬಲದವನ್ನು ಗೋಡೆಯಿಂದ ಒಂದು ಅಡಿ ಮುಂದೆ, ನಾವು ಕುಳಿತುಕೊಳ್ಳುವ ಜಾಗಕ್ಕೂ ಅವಕ್ಕೂ ಸರಿಸುಮಾರು ಮೂರು ಸಮ ಬಾಹುಗಳ ತ್ರಿಕೋಣವಾಗುವಂತೆ ಇಟ್ಟೆವು. ಹಳೆಯ ಕನ್ನಡ ಚಿತ್ರಗಳ ಧ್ವನಿ ಒಂದೇ ಸಾಲಿನದು. ರಿಸೀವರಿನಲ್ಲಿ 'ಡಾಲ್ಬಿ ಸರೌಂಡ್' ಇಟ್ಟರೆ ಅದು ನಡುವಿನ ಸ್ಪೀಕರಿಗೇ ಬರುತ್ತದೆ. ಹಿಂದಿನ ಎರಡು ಸ್ಪೀಕರು ತಂದಿದ್ದರೆ ಆ ಚಿತ್ರಗಳಿಗೆ ಅವು ಮೂಕ ಸಾಕ್ಷಿಗಳೇ ಸರಿ. ನಡುವಿನದರ ಮಟ್ಟವನ್ನು ಉಳಿದವಕ್ಕಿಂತ ಮೂರು ಡೆಸಿಬೆಲ್ ಏರಿಸಿದೆವು. ರಾತ್ರಿಗೆಂದು ಇರುವ ಏರ್ಪಾಡನ್ನು ಒತ್ತಿದೆವು. ಅದು ಗುಡುಗನ್ನು ತಗ್ಗಿಸಿ ಪಿಸುಮಾತನ್ನು ಮೇಲೆತ್ತುತ್ತದೆ.

ಮೊದಲ ರವಿವಾರ ಒಂದು ಹಳೆಯ ಹಳ್ಳಿಯ ಚಿತ್ರ ಹಚ್ಚಿದೆವು. ಅವ್ವ ಕಿವಿಯ ಯಂತ್ರ ಹಾಕಿಕೊಂಡು ತನ್ನ ಮೂಲೆಯಲ್ಲಿ ಕುಳಿತಳು. ನಾವು ಚಿತ್ರ ನೋಡಲಿಲ್ಲ, ಅವಳನ್ನು ನೋಡಿದೆವು. ಒಂದು ವಿನೋದ ಬಂತು. ಅವ್ವ ನಕ್ಕಳು. ಈ ಸಲ ತಡವಾದದ್ದು ನಮ್ಮದು.

ಅರ್ಧ ತಾಸಿನ ಮೇಲೆ ಚಿತ್ರದಲ್ಲಿ ಒಬ್ಬ ಮುದುಕ 'ಕಣ'ದ ಮಾತೆತ್ತಿದ. ನಮ್ಮ ಮಗ ಜಮಖಾನೆಯ ಮೇಲೆ ಹೊರಳಿ ಕೇಳಿದ:

'ಅಜ್ಜಿ, ಏನಂದಾ ಅಂವಾ? ಕಣ ಅಂದ್ರೇನು?'

ನಾವು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೈಯೆತ್ತಿ ನಮ್ಮನ್ನು ತಡೆದಳು. ವರುಷದಿಂದ 'ಗಟ್ಟಿ ಇಡಪಾ, ಗಟ್ಟಿ ಇಡಪಾ' ಎನ್ನುತ್ತಿದ್ದವಳು ಅಂದು ಹೇಳಿದ್ದು ಇಷ್ಟು:

'ಅದನ್ನ ಒಂದೀಟು ಸಣ್ಣ ಮಾಡಪಾ. ಕೂಸು ಏನೋ ಕೇಳತೈತಿ.'

ಸಣ್ಣ ಮಾಡಿದೆವು.